ಬಳಸಿದ ಎಲೆಕ್ಟ್ರಿಕ್ ಗಿಟಾರಿನ ಆಯ್ಕೆ

ಬಳಸಿದ ಎಲೆಕ್ಟ್ರಿಕ್ ಗಿಟಾರಿನ ಆಯ್ಕೆ ಎಂಬುದು ಈಗಾಗಲೇ ಒಬ್ಬರ ಅಥವಾ ಹಲವರ ಬಳಕೆಯಲ್ಲಿದ್ದ ಎಲೆಕ್ಟ್ರಿಕ್ ಗಿಟಾರನ್ನು ಕೊಳ್ಳುವ ಮುನ್ನ ಅದರ ಮರ, ಲೋಹದ ಭಾಗಗಳು, ವಿದ್ಯುತ್ ಜೋಡಣೆ ಹಾಗೂ ಮೂಲವನ್ನು ಪರೀಕ್ಷಿಸಿ, ತಕ್ಕ ಬೆಲೆಯನ್ನು ನಿರ್ಧರಿಸುವ ಕ್ರಮವಾಗಿದೆ. ಹೊಸ ಆರಂಭಿಕ ದರ್ಜೆಯ ಗಿಟಾರಿಗೆ ತಗಲುವ ಹಣದಲ್ಲಿಯೇ ಮಧ್ಯಮ ದರ್ಜೆಯ ಬಳಸಿದ ಗಿಟಾರು ದೊರೆಯುವ ಸಾಧ್ಯತೆ ಇರುವುದರಿಂದ, ಮಿತವಾದ ಹಣವುಳ್ಳ ವಿದ್ಯಾರ್ಥಿಗಳು ಈ ಮಾರ್ಗವನ್ನು ಅನುಸರಿಸುತ್ತಾರೆ. ಇಂತಹ ಗಿಟಾರಿನ ದೋಷಗಳಲ್ಲಿ ಕೆಲವು ಅಲ್ಪ ವೆಚ್ಚದಲ್ಲಿ ಸರಿಹೋಗುತ್ತವೆ. ಇನ್ನು ಕೆಲವನ್ನು ಸರಿಪಡಿಸಲು ಗಿಟಾರಿನ ಬೆಲೆಯಷ್ಟೇ ಹಣ ಬೇಕಾಗುತ್ತದೆ. ಈ ಎರಡು ಬಗೆಯ ದೋಷಗಳನ್ನು ಬೇರ್ಪಡಿಸಿ ಗುರುತಿಸುವುದೇ ಆಯ್ಕೆಯ ಮುಖ್ಯ ಉದ್ದೇಶ.

ಹಿನ್ನೆಲೆ

ಗಟ್ಟಿ ಮರದ ಒಡಲುಳ್ಳ ಗಿಟಾರುಗಳನ್ನು ಅಮೆರಿಕದ ಫೆಂಡರ್ ಸಂಸ್ಥೆಯು 1950ರಿಂದ ವಾಣಿಜ್ಯ ಪ್ರಮಾಣದಲ್ಲಿ ತಯಾರಿಸತೊಡಗಿತು. ಬ್ರಾಡ್‌ಕಾಸ್ಟರ್ ಎಂಬ ಹೆಸರಿದ್ದ ಅದರ ಮಾದರಿಯು 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರನ್ನು ಪಡೆಯಿತು. 1952ರಲ್ಲಿ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್ ಮಾದರಿಯೂ 1954ರಲ್ಲಿ ಫೆಂಡರ್ ಸ್ಟ್ರಾಟೋಕಾಸ್ಟರ್ ಮಾದರಿಯೂ ಬಂದವು. ಇಂದು ಮಾರಾಟವಾಗುವ ಗಿಟಾರುಗಳಲ್ಲಿ ಬಹುಪಾಲು ಈ ಮಾದರಿಗಳ ರಚನೆಯನ್ನೇ ಅನುಸರಿಸುತ್ತವೆ. ಫೆಂಡರ್ ಸಂಸ್ಥೆಯ ಸ್ಕ್ವಾಯರ್ ಗಿಟಾರುಗಳು 1982ರಿಂದ ಬಳಕೆಯಲ್ಲಿವೆ. 1957ರಲ್ಲಿ ಗಿಬ್ಸನ್ ಒಡೆತನಕ್ಕೆ ಬಂದ ಎಪಿಫೋನ್ ಹಾಗೂ 1990ರಲ್ಲಿ ಆರಂಭವಾದ ಯಮಾಹಾ ಪೆಸಿಫಿಕಾ ಸರಣಿಯ ಗಿಟಾರುಗಳೂ ಮಧ್ಯಮ ಬೆಲೆಯಲ್ಲಿ ದೊರೆಯುವಂಥವು.

ಬಳಸಿದ ಗಿಟಾರುಗಳ ಚರಿತ್ರೆಯಲ್ಲಿ ಪ್ರಸಿದ್ಧವಾದ ಉದಾಹರಣೆ ಬ್ರಿಟಿಷ್ ವಾದಕ ಎರಿಕ್ ಕ್ಲಾಪ್ಟನ್ ಅವರ ‘ಬ್ಲ್ಯಾಕಿ’. ಅವರು 1970ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಅಂಗಡಿಯೊಂದರಲ್ಲಿ ಹಳೆಯ ಸ್ಟ್ರಾಟೋಕಾಸ್ಟರ್‌ಗಳನ್ನು ಅಗ್ಗವಾಗಿ ಕೊಂಡರು. ಮೂರನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರ ಉತ್ತಮ ಭಾಗಗಳನ್ನು ಸೇರಿಸಿ ಒಂದು ಗಿಟಾರನ್ನು ಸಿದ್ಧಪಡಿಸಿದರು. ಕತ್ತು ಸವೆದ ಕಾರಣ 1980ರ ದಶಕದ ಮಧ್ಯಭಾಗದಲ್ಲಿ ಅದರ ನಿಯಮಿತ ಬಳಕೆ ನಿಂತಿತು. 2004ರಲ್ಲಿ ಅದು ನ್ಯೂಯಾರ್ಕ್‌ನ ಹರಾಜಿನಲ್ಲಿ 9,59,500 ಡಾಲರುಗಳಿಗೆ ಮಾರಾಟವಾಯಿತು. ಸ್ಟ್ರಾಟೋಕಾಸ್ಟರ್‌ನ ಬಹುತೇಕ ಭಾಗಗಳು ಸ್ಕ್ರೂಗಳಿಂದ ಜೋಡಣೆಯಾಗಿರುವುದರಿಂದ ಇಂತಹ ಮರುಜೋಡಣೆ ಸಾಧ್ಯವಾಯಿತು.

ಕತ್ತಿನ ಪರೀಕ್ಷೆ

ವಾದಕನ ಎಡಗೈ ಆಡುವ ಉದ್ದನೆಯ ಭಾಗವನ್ನು ನೆಕ್ ಅಥವಾ ಕತ್ತು ಎನ್ನುತ್ತಾರೆ. ಗಿಟಾರಿನಲ್ಲಿ ಮೊದಲು ನೋಡಬೇಕಾದ ಭಾಗ ಇದೇ. ತಂತಿಗಳ ಎಳೆತವನ್ನು ತಾಳಿಕೊಳ್ಳಲು ಕತ್ತಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಇಟ್ಟಿರುತ್ತಾರೆ. ಇದನ್ನು ಬಿಗಿಗೊಳಿಸಿ ಅಥವಾ ಸಡಿಲಿಸಿ ಕತ್ತಿನ ಬಾಗನ್ನು ಸರಿಪಡಿಸಬಹುದು.

ತಂತಿಯೊಂದನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳ ಬಳಿ ಏಕಕಾಲಕ್ಕೆ ಒತ್ತಿ ಹಿಡಿದಾಗ, ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲೆ ಸುಮಾರು 0.25 ಮಿಲಿಮೀಟರ್ ಅಂತರ ಕಾಣುವುದು ಉತ್ತಮ ಲಕ್ಷಣ. ಅಂತರವು ಹೆಚ್ಚಾಗಿದ್ದರೆ ಅಥವಾ ಸ್ವಲ್ಪವೂ ಇಲ್ಲದಿದ್ದರೆ ಹೊಂದಾಣಿಕೆ ಅಗತ್ಯವೆಂದು ತಿಳಿಯಬೇಕು. ಅಂತಹ ಹೊಂದಾಣಿಕೆಗೆ ಹೆಚ್ಚಿನ ವೆಚ್ಚವಿಲ್ಲ. ಆದರೆ ಟ್ರಸ್ ರಾಡಿನ ನಟ್ಟು ತಿರುಗದೆ ಸಿಕ್ಕಿಕೊಂಡಿದ್ದರೆ ಅಥವಾ ಅದರ ಅಂಚುಗಳು ಸವೆದುಹೋಗಿದ್ದರೆ ದುರಸ್ತಿ ದುಬಾರಿಯಾಗುತ್ತದೆ. ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ ಟ್ರಸ್ ರಾಡಿನಿಂದ ಅದನ್ನು ಸರಿಪಡಿಸಲಾಗದು. ಗಿಟಾರಿನ ತಲೆಯ ಕಡೆಯಿಂದ ಒಡಲಿನ ಕಡೆಗೆ ಒಂದು ಕಣ್ಣಿನಿಂದ ನೋಡಿದರೆ ಇಂತಹ ತಿರುಚು ಗೋಚರಿಸುತ್ತದೆ.

ಕತ್ತು ಮತ್ತು ತಲೆ ಸೇರುವ ಜಾಗದ ಹಿಂಬದಿಯನ್ನು ಬೆಳಕಿನಲ್ಲಿ ಪರೀಕ್ಷಿಸುವುದು ಅವಶ್ಯಕ. ಲೆಸ್ ಪಾಲ್ ಮಾದರಿಯಲ್ಲಿ ತಲೆಯು ಹಿಂದಕ್ಕೆ ವಾಲಿರುವುದರಿಂದಲೂ ಅಲ್ಲಿಯ ಮರ ತೆಳುವಾಗಿರುವುದರಿಂದಲೂ, ಗಿಟಾರು ಬಿದ್ದಾಗ ಈ ಜಾಗವೇ ಬಿರಿಯುತ್ತದೆ. ಚೆನ್ನಾಗಿ ಅಂಟಿಸಿದ ಬಿರುಕು ಗಟ್ಟಿಯಾಗಿ ಉಳಿಯಬಲ್ಲದಾದರೂ ಗಿಟಾರಿನ ಮರುಮಾರಾಟದ ಬೆಲೆ ಗಣನೀಯವಾಗಿ ಇಳಿಯುತ್ತದೆ. ಬಣ್ಣದ ಛಾಯೆ ಆ ಜಾಗದಲ್ಲಿ ಮಾತ್ರ ಬೇರೆಯಾಗಿದ್ದರೆ ಹಳೆಯ ದುರಸ್ತಿಯನ್ನು ಶಂಕಿಸಬಹುದು.

ಫ್ರೆಟ್‌ಗಳು

ವೀಣೆಯ ಮೆಟ್ಟಿಲುಗಳಂತೆ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ತಂತಿಗಳ ಉಜ್ಜುವಿಕೆಯಿಂದ ಇವುಗಳ ಮೇಲೆ ಕಾಲಕ್ರಮೇಣ ಕುಳಿಗಳು ಬೀಳುತ್ತವೆ. ಹೆಚ್ಚು ನುಡಿಸಲ್ಪಡುವ ಮೊದಲ ಕೆಲವು ಫ್ರೆಟ್‌ಗಳಲ್ಲಿ ಸವೆತ ಅಧಿಕವಾಗಿರುತ್ತದೆ. ಆಳವಿಲ್ಲದ ಕುಳಿಗಳನ್ನು ಅರದಿಂದ ಉಜ್ಜಿ ಸಮಮಾಡಬಹುದು. ಆದರೆ ಪ್ರತಿ ಸಲವೂ ಲೋಹ ಕಡಿಮೆಯಾಗುವುದರಿಂದ ಈ ಕೆಲಸವನ್ನು ಕೆಲವೇ ಬಾರಿ ಮಾಡಲು ಸಾಧ್ಯ. ಫ್ರೆಟ್‌ಗಳು ಚಪ್ಪಟೆಯಾಗಿ ತೀರಾ ತಗ್ಗಿದ್ದರೆ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಅಗ್ಗದ ಗಿಟಾರಿನ ವಿಷಯದಲ್ಲಿ ಈ ವೆಚ್ಚವು ಕೊಂಡ ಬೆಲೆಯ ಸಮೀಪಕ್ಕೆ ಬರಬಹುದು.

ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್‌ನಲ್ಲಿ ಒತ್ತಿ ನುಡಿಸಿ ನೋಡಬೇಕು. ಒಂದೇ ಜಾಗದಲ್ಲಿ ನಾದ ಜರ್ಜರಿತವಾದರೆ ಅಥವಾ ಬೇಗನೆ ಅಡಗಿದರೆ ಅಲ್ಲಿಯ ಫ್ರೆಟ್ ಎತ್ತರ ತಪ್ಪಿರುವ ಸಂಭವವಿದೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ ಸುಮಾರು 1.5ರಿಂದ 2 ಮಿಲಿಮೀಟರ್ ಇರುವುದು ಸಾಮಾನ್ಯ. ಮಾರಾಟಗಾರರು ಕೆಲವೊಮ್ಮೆ ಸವೆತದ ಸದ್ದನ್ನು ಮರೆಮಾಚಲು ತಂತಿಗಳನ್ನು ಎತ್ತರಿಸಿ ಇಡುವುದುಂಟು. ಆದ್ದರಿಂದ ಎತ್ತರವನ್ನು ಅಳೆದ ನಂತರವೇ ಫ್ರೆಟ್‌ಗಳ ಕುರಿತು ತೀರ್ಮಾನಿಸುವುದು ಸೂಕ್ತ.

ಬ್ರಿಡ್ಜ್ ಮತ್ತು ಬಿರಡೆಗಳು

ತಂತಿಯನ್ನು ಬಿಗಿಯುವ ಬಿರಡೆಗಳು ನಯವಾಗಿ ತಿರುಗಬೇಕು. ತಂತಿಯನ್ನು ಕೆಲವು ಬಾರಿ ಎಳೆದು ಬಿಟ್ಟ ಬಳಿಕವೂ ಶ್ರುತಿ ಉಳಿಯಬೇಕು. ತೆರೆದ ತಂತಿಯ ಸ್ವರವನ್ನೂ ಹನ್ನೆರಡನೆಯ ಫ್ರೆಟ್‌ನ ಸ್ವರವನ್ನೂ ಶ್ರುತಿಮಾಪಕದಲ್ಲಿ ಹೋಲಿಸಿದರೆ ಎರಡನೆಯದು ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ವ್ಯತ್ಯಾಸವಿದ್ದಲ್ಲಿ ಬ್ರಿಡ್ಜ್‌ನ ತಂತಿಯಾಸರೆಗಳನ್ನು ಹಿಂದೆ ಮುಂದೆ ಸರಿಸಿ ಹೊಂದಿಸಲಾಗುತ್ತದೆ. ಅವುಗಳ ಸ್ಕ್ರೂಗಳು ತುಕ್ಕು ಹಿಡಿದು ಕೂಡಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕರಾವಳಿಯಂತಹ ತೇವ ಹಾಗೂ ಉಪ್ಪಿನ ಗಾಳಿಯ ಪ್ರದೇಶಗಳಲ್ಲಿ ಇದ್ದ ಗಿಟಾರುಗಳಲ್ಲಿ ತುಕ್ಕು ಸಾಮಾನ್ಯ. ಬಿರಡೆ ಮತ್ತು ಬ್ರಿಡ್ಜ್‌ಗಳನ್ನು ಬದಲಾಯಿಸಬಹುದಾದ್ದರಿಂದ ಇವುಗಳ ದೋಷ ಬೆಲೆಯನ್ನು ಇಳಿಸಲು ಕಾರಣವಾಗಬಹುದೇ ಹೊರತು ಗಿಟಾರನ್ನು ತಿರಸ್ಕರಿಸಲು ಅಲ್ಲ.

ವಿದ್ಯುತ್ ಭಾಗಗಳು

ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿಯ ಕಂಪನವನ್ನು ಅದು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಗಿಟಾರನ್ನು ಆಂಪ್ಲಿಫಯರ್‌ಗೆ ಜೋಡಿಸಿ, ನಾದವನ್ನು ಒಡೆಯುವ ಯಾವ ಪರಿಣಾಮವನ್ನೂ ಬಳಸದೆ ಕೇಳಬೇಕು. ಅಂತಹ ಪರಿಣಾಮಗಳು ದೋಷಗಳನ್ನು ಮುಚ್ಚಿಹಾಕುತ್ತವೆ. ಆಯ್ಕೆಯ ಸ್ವಿಚ್ಚಿನ ಪ್ರತಿಯೊಂದು ಸ್ಥಾನದಲ್ಲೂ ಸದ್ದು ಬರಬೇಕು.

ಗುಂಡಿಗಳನ್ನು ತಿರುಗಿಸಿದಾಗ ಬರುವ ಚರಚರ ಸದ್ದು ಧೂಳಿನಿಂದ ಉಂಟಾಗುವುದೇ ಹೆಚ್ಚು. ಶುಚಿಗೊಳಿಸಿದರೆ ಅದು ಹೋಗುತ್ತದೆ. ಕೇಬಲ್ ಅಲುಗಿದಾಗ ಸದ್ದು ನಿಂತುಹೋದರೆ ಜ್ಯಾಕ್ ಅಥವಾ ಅದರ ಬೆಸುಗೆ ಸಡಿಲವಾಗಿರುತ್ತದೆ. ಒಂದು ಪಿಕಪ್ ಸಂಪೂರ್ಣ ಮೌನವಾಗಿದ್ದರೆ ಮಲ್ಟಿಮೀಟರಿನಿಂದ ಅದರ ರೋಧವನ್ನು ಅಳೆಯಬೇಕು. ಒಂಟಿ ಸುರುಳಿಯ ಪಿಕಪ್‌ನಲ್ಲಿ ಇದು ಸಾಮಾನ್ಯವಾಗಿ 5ರಿಂದ 8 ಕಿಲೋಓಮ್ ಇರುತ್ತದೆ. ಮಾಪಕವು ಯಾವ ಸಂಪರ್ಕವನ್ನೂ ತೋರದಿದ್ದರೆ ಸುರುಳಿ ಅಥವಾ ಅದರ ಜೋಡಣೆ ಕಡಿದಿರುತ್ತದೆ. ಒಂಟಿ ಸುರುಳಿಯ ಪಿಕಪ್‌ಗಳಲ್ಲಿ ಕೇಳಿಬರುವ ಅಲ್ಪ ಗುಂಯ್‌ಗುಡುವಿಕೆ ದೋಷವಲ್ಲ. ಸುತ್ತಲಿನ ವಿದ್ಯುತ್ ಉಪಕರಣಗಳ ಪ್ರಭಾವದಿಂದ ಅದು ಉಂಟಾಗುತ್ತದೆ. ಇದನ್ನು ತಡೆಯಲೆಂದೇ ಎರಡು ಸುರುಳಿಗಳ ಹಂಬಕರ್ ಪಿಕಪ್ ರೂಪುಗೊಂಡಿತು.

ಗಿಟಾರಿನ ಜೊತೆಗೆ ಅಮೆರಿಕದಿಂದ ತಂದ ಹಳೆಯ ಆಂಪ್ಲಿಫಯರ್ ದೊರೆತಲ್ಲಿ, ಅದು 120 ವೋಲ್ಟ್‌ಗೆ ತಯಾರಾದುದೇ ಎಂದು ನೋಡಬೇಕು. ಭಾರತದ 230 ವೋಲ್ಟ್ ಸಂಪರ್ಕಕ್ಕೆ ಅದನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗುವ ಅಪಾಯವಿದೆ.

ನೈಜತೆ

ಪ್ರಸಿದ್ಧ ಹೆಸರುಗಳುಳ್ಳ ನಕಲಿ ಗಿಟಾರುಗಳೂ ಮಾರುಕಟ್ಟೆಯಲ್ಲಿವೆ. ಕ್ರಮಸಂಖ್ಯೆಯು ಒಂದು ಸುಳಿವನ್ನು ನೀಡುತ್ತದೆ. 1977ರಿಂದ 2005ರವರೆಗಿನ ಗಿಬ್ಸನ್ ಗಿಟಾರುಗಳ ಎಂಟು ಅಂಕಿಗಳ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೊದಲನೆಯ ಹಾಗೂ ಐದನೆಯ ಅಂಕಿಗಳು ವರ್ಷವನ್ನೂ, ನಡುವಿನ ಮೂರು ಅಂಕಿಗಳು ಆ ವರ್ಷದ ಎಷ್ಟನೆಯ ದಿನವೆಂಬುದನ್ನೂ ಸೂಚಿಸುತ್ತವೆ. ಆದರೆ ಸಂಖ್ಯೆಯನ್ನೂ ನಕಲು ಮಾಡಬಹುದಾದ್ದರಿಂದ ಅದೊಂದನ್ನೇ ಆಧಾರವಾಗಿ ಪರಿಗಣಿಸಲಾಗದು. ತಲೆಯ ಆಕಾರ, ಅಕ್ಷರಗಳ ಅಚ್ಚು, ಒಳಗಿನ ಬೆಸುಗೆಯ ಶುದ್ಧತೆ ಹಾಗೂ ಮೂಲ ರಸೀದಿಯನ್ನು ಒಟ್ಟಾಗಿ ನೋಡಬೇಕು. ಗಿಟಾರು ಕಳುವಿನದಲ್ಲ ಎಂಬುದಕ್ಕೂ ರಸೀದಿಯು ನೆರವಾಗುತ್ತದೆ.

ಬೆಲೆಯ ಲೆಕ್ಕ

ಬಳಸಿದ ಗಿಟಾರಿನ ನಿಜವಾದ ಬೆಲೆ ಎಂದರೆ ಮಾರಾಟಗಾರರು ಕೇಳುವ ಹಣ ಮತ್ತು ಅದನ್ನು ನುಡಿಸುವ ಸ್ಥಿತಿಗೆ ತರಲು ತಗಲುವ ಹಣ ಇವೆರಡರ ಮೊತ್ತ. 15,000 ರೂಪಾಯಿಯ ಗಿಟಾರೊಂದಕ್ಕೆ 6,000 ರೂಪಾಯಿಯ ದುರಸ್ತಿ ಬೇಕೆಂದಾದರೆ, ಅದು 19,000 ರೂಪಾಯಿಗೆ ಸುಸ್ಥಿತಿಯಲ್ಲಿ ದೊರೆಯುವ ಅದೇ ಮಾದರಿಗಿಂತ ದುಬಾರಿ. ಹೊಸ ತಂತಿಗಳು ಮತ್ತು ಹೊಂದಾಣಿಕೆಯ ಖರ್ಚನ್ನು ಎಲ್ಲ ಸಂದರ್ಭಗಳಲ್ಲೂ ಸೇರಿಸಿಕೊಳ್ಳಬೇಕು.

ಒಡಲಿನ ಮೇಲಿನ ಗೀರು, ಮಾಸಿದ ಬಣ್ಣ ಮುಂತಾದವು ನಾದವನ್ನು ಬಾಧಿಸದೆ ಬೆಲೆಯನ್ನು ಮಾತ್ರ ಇಳಿಸುವುದರಿಂದ ಕೊಳ್ಳುವವರಿಗೆ ಅನುಕೂಲಕರ. ಇದಕ್ಕೆ ವಿರುದ್ಧವಾಗಿ, ಹೊಳೆಯುವ ಒಡಲಿದ್ದರೂ ಕತ್ತು ತಿರುಚಿದ್ದರೆ ಅಂತಹ ಗಿಟಾರನ್ನು ಕೈಬಿಡುವುದೇ ಲೇಸು. ಸಂಗ್ರಾಹಕರು ಬದಲಾಯಿಸಿದ ಭಾಗಗಳನ್ನು ಕೊರತೆಯೆಂದು ಎಣಿಸುತ್ತಾರಾದರೂ, ನುಡಿಸಲೆಂದೇ ಕೊಳ್ಳುವವರಿಗೆ ಉತ್ತಮ ಬಿರಡೆ ಅಥವಾ ಪಿಕಪ್‌ಗಳನ್ನು ಅಳವಡಿಸಿದ ಗಿಟಾರು ಲಾಭದಾಯಕವಾಗಬಲ್ಲದು.