ನಿಕೋಡೆಮಸ್, ಕಾನ್ಸಾಸ್

ನಿಕೋಡೆಮಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಕಾನ್ಸಾಸ್ ರಾಜ್ಯದ ಗ್ರಹಾಂ ಕೌಂಟಿಯಲ್ಲಿರುವ ಒಂದು ಪುಟ್ಟ ಗ್ರಾಮೀಣ ಊರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕನ್ ಅಮೆರಿಕನ್ನರು ಕೆಂಟಕಿ ಮೊದಲಾದ ದಕ್ಷಿಣದ ರಾಜ್ಯಗಳಿಂದ ಬಂದು 1877ರಲ್ಲಿ ಇಲ್ಲಿ ನೆಲೆಸಿದರು. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಆ ಕಾಲದಲ್ಲಿ ಕಪ್ಪುವರ್ಣೀಯರು ಕಟ್ಟಿದ ಊರುಗಳ ಪೈಕಿ ಇಂದಿಗೂ ಜನವಸತಿಯನ್ನು ಉಳಿಸಿಕೊಂಡಿರುವುದು ಇದೊಂದೇ ಎಂದು ಪರಿಗಣಿಸಲಾಗಿದೆ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 14. ನಿವಾಸಿಗಳು ಇಷ್ಟು ಕಡಿಮೆಯಾದರೂ, ಊರಿನ ವಂಶಸ್ಥರು ಪ್ರತಿವರ್ಷ ಇಲ್ಲಿಗೆ ಮರಳಿ ಬಂದು ಸೇರುತ್ತಾರೆ. 1996ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು.

ಭೌಗೋಳಿಕ ಸ್ಥಾನ

ನಿಕೋಡೆಮಸ್ ಕಾನ್ಸಾಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಸಾಲೊಮನ್ ನದಿಯ ದಕ್ಷಿಣ ಕವಲಿನ ಉತ್ತರಕ್ಕಿದೆ. ರಾಷ್ಟ್ರೀಯ ಹೆದ್ದಾರಿ 24 ಊರಿನ ಬದಿಯಲ್ಲಿ ಹಾದುಹೋಗುತ್ತದೆ. ಪಶ್ಚಿಮಕ್ಕೆ ಕೌಂಟಿಯ ಆಡಳಿತ ಕೇಂದ್ರವಾದ ಹಿಲ್ ಸಿಟಿ, ಪೂರ್ವಕ್ಕೆ ಸ್ಟಾಕ್‌ಟನ್ ಪಟ್ಟಣಗಳಿವೆ. ಈ ಪ್ರದೇಶವು 100ನೆಯ ಪಶ್ಚಿಮ ರೇಖಾಂಶಕ್ಕೆ ಸಮೀಪದಲ್ಲಿದ್ದು, ಪೂರ್ವದ ತೇವಭರಿತ ಭೂಮಿ ಮುಗಿದು ಮಳೆ ಕಡಿಮೆಯಾಗುವ ಎತ್ತರದ ಬಯಲುಸೀಮೆ ಆರಂಭವಾಗುವ ಪಟ್ಟಿಯಾಗಿದೆ. ನದಿದಂಡೆಗಳನ್ನು ಬಿಟ್ಟರೆ ಮರಗಳು ವಿರಳ. ಈ ಎರಡು ಕೊರತೆಗಳು ಊರಿನ ಮುಂದಿನ ಇತಿಹಾಸವನ್ನು ಬಹುಮಟ್ಟಿಗೆ ರೂಪಿಸಿದವು.

ಹೆಸರಿನ ಮೂಲ

ಊರಿನ ಹೆಸರಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಆಫ್ರಿಕದ ರಾಜವಂಶದಲ್ಲಿ ಹುಟ್ಟಿ, ಗುಲಾಮನಾಗಿ ಅಮೆರಿಕಕ್ಕೆ ಬಂದು, ಕೊನೆಗೆ ತನ್ನ ಸ್ವಾತಂತ್ರ್ಯವನ್ನು ತಾನೇ ಹಣ ತೆತ್ತು ಪಡೆದುಕೊಂಡ ನಿಕೋಡೆಮಸ್ ಎಂಬ ದಂತಕಥೆಯ ವ್ಯಕ್ತಿಯಿಂದ ಈ ಹೆಸರು ಬಂದಿತೆಂಬುದು ಒಂದು ಅಭಿಪ್ರಾಯ. ಹೆನ್ರಿ ಕ್ಲೇ ವರ್ಕ್ 1864ರಲ್ಲಿ ರಚಿಸಿದ ಜನಪ್ರಿಯ ಗೀತೆಯೊಂದು ಇದೇ ಹೆಸರಿನ ಗುಲಾಮನನ್ನು ಕುರಿತದ್ದಾಗಿದೆ. ಬೈಬಲ್‌ನಲ್ಲಿ ಬರುವ ನಿಕೋಡೆಮಸ್‌ನಿಂದ ಹೆಸರನ್ನು ತೆಗೆದುಕೊಳ್ಳಲಾಯಿತೆಂಬುದು ಇನ್ನೊಂದು ಅಭಿಪ್ರಾಯ.

ಇತಿಹಾಸ

ಹಿನ್ನೆಲೆ

ಅಮೆರಿಕದ ಅಂತರ್ಯುದ್ಧವು 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. ನಂತರದ ಪುನರ್ನಿರ್ಮಾಣ ಯುಗದಲ್ಲಿ ದಕ್ಷಿಣದ ಕಪ್ಪುವರ್ಣೀಯರಿಗೆ ಮತದಾನದ ಹಕ್ಕು ದೊರೆಯಿತಾದರೂ ಭೂಮಿ ದೊರೆಯಲಿಲ್ಲ. ಬಹುಪಾಲು ಜನರು ಹಳೆಯ ಜಮೀನ್ದಾರರ ಹೊಲಗಳಲ್ಲಿ ಪಾಲಿಗೆ ದುಡಿಯುತ್ತ ಸಾಲದಲ್ಲಿ ಸಿಲುಕಿದರು. 1877ರಲ್ಲಿ ಒಕ್ಕೂಟ ಸರ್ಕಾರವು ದಕ್ಷಿಣದ ರಾಜಕೀಯದಿಂದ ತನ್ನ ಸೈನಿಕರನ್ನು ಹಿಂತೆಗೆದುಕೊಂಡ ಮೇಲೆ ಅವರ ಮೇಲಿನ ಹಿಂಸೆ ಮತ್ತು ದಬ್ಬಾಳಿಕೆಗೆ ತಡೆಯಿಲ್ಲದಂತಾಯಿತು. ಇತ್ತ 1862ರ ಹೋಮ್‌ಸ್ಟೆಡ್ ಕಾಯಿದೆಯು, ಐದು ವರ್ಷ ನೆಲೆಸಿ ಸಾಗುವಳಿ ಮಾಡುವವರಿಗೆ 160 ಎಕರೆ ಸರ್ಕಾರಿ ಭೂಮಿಯನ್ನು ಅಲ್ಪ ಶುಲ್ಕಕ್ಕೆ ನೀಡುತ್ತಿತ್ತು. ಗುಲಾಮಗಿರಿಯ ವಿರುದ್ಧ ಹೋರಾಡಿದ ರಾಜ್ಯವೆಂದು ಹೆಸರಾಗಿದ್ದ ಕಾನ್ಸಾಸ್‌ನತ್ತ ಅನೇಕರ ಕಣ್ಣು ಹರಿದುದಕ್ಕೆ ಇವೇ ಕಾರಣಗಳು.

ಸ್ಥಾಪನೆ

1877ರ ಏಪ್ರಿಲ್‌ನಲ್ಲಿ ನಿಕೋಡೆಮಸ್ ಟೌನ್ ಕಂಪನಿಯನ್ನು ಸ್ಥಾಪಿಸಲಾಯಿತು. ಕಪ್ಪುವರ್ಣೀಯರಾದ ಡಬ್ಲ್ಯೂ. ಎಚ್. ಸ್ಮಿತ್ ಇದರ ಅಧ್ಯಕ್ಷರಾಗಿದ್ದರು. ಭೂವ್ಯವಹಾರ ನಡೆಸುತ್ತಿದ್ದ ಬಿಳಿಯ ವರ್ತಕ ಡಬ್ಲ್ಯೂ. ಆರ್. ಹಿಲ್ ಅವರ ಪಾಲುದಾರರಾಗಿದ್ದರು. ಹಿಲ್ ಸಿಟಿ ಎಂಬ ಪಟ್ಟಣಕ್ಕೆ ಇವರದೇ ಹೆಸರು ಬಂದಿದೆ. ಕಂಪನಿಯು ಕರಪತ್ರಗಳನ್ನು ಹಂಚಿ, ಸಭೆಗಳನ್ನು ನಡೆಸಿ, ಕೆಂಟಕಿಯ ಕಪ್ಪುವರ್ಣೀಯರನ್ನು ಹೊಸ ಊರಿಗೆ ಆಹ್ವಾನಿಸಿತು. ಪಾದ್ರಿ ಸೈಮನ್ ರೌಂಡ್‌ಟ್ರೀ ಜೂನ್ ತಿಂಗಳಲ್ಲಿ ಬಂದು ಮೊದಲ ನಿವಾಸಿಯಾದರು. ಜುಲೈನಲ್ಲಿ ಝ್ಯಾಕ್ ಫ್ಲೆಚರ್ ಮತ್ತು ಅವರ ಪತ್ನಿ ಜೆನ್ನಿ ಬಂದರು. ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ಸುತ್ತಮುತ್ತಲಿನಿಂದ ಸುಮಾರು 300 ಜನರ ಗುಂಪು ತಲುಪಿತು. ಎಲ್ಲಿಸ್ ಎಂಬ ಊರಿನಲ್ಲಿ ರೈಲಿನಿಂದ ಇಳಿದು, ಅಲ್ಲಿಂದ ಸುಮಾರು 35 ಮೈಲಿ ದೂರವನ್ನು ಅವರು ಬಯಲಿನಲ್ಲಿ ಕ್ರಮಿಸಬೇಕಾಯಿತು.

ಕರಪತ್ರಗಳಲ್ಲಿ ವರ್ಣಿಸಿದ್ದ ಊರು ಅಲ್ಲಿರಲಿಲ್ಲ. ಮರ ದೊರೆಯದ ಕಾರಣ ಮೊದಲು ಬಂದವರು ನೆಲವನ್ನು ತೋಡಿ, ಮೇಲೆ ಹುಲ್ಲು-ಮಣ್ಣಿನ ಹೊದಿಕೆ ಹಾಕಿ ವಾಸಿಸುತ್ತಿದ್ದರು. 1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆ, ಊರೆಲ್ಲಿ ಎಂದು ಕೇಳಿದಾಗ ತಮಗೆ ನೆಲದಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಲಾಯಿತೆಂದೂ, ಅದನ್ನು ಕಂಡು ತಾವು ಅತ್ತುದಾಗಿಯೂ ಮುಂದೆ ನೆನಪಿಸಿಕೊಂಡಿದ್ದಾರೆ. ಕೆಲವು ಕುಟುಂಬಗಳು ಬಂದ ದಾರಿಯಲ್ಲೇ ಹಿಂತಿರುಗಿದವು. ಉಳಿದವರು ಸೂರ್ಯಕಾಂತಿಯ ದಂಟು, ಕಾಡೆಮ್ಮೆಯ ಒಣಗಿದ ಸಗಣಿಗಳನ್ನು ಉರುವಲಾಗಿ ಬಳಸಿ ಮೊದಲ ಚಳಿಗಾಲವನ್ನು ಕಳೆದರು. ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಬುಡಕಟ್ಟಿನ ಜನರು ಆಹಾರವನ್ನು ಹಂಚಿಕೊಂಡಿದ್ದರಿಂದಲೇ ಅನೇಕರು ಬದುಕಿದರೆಂದು ಊರಿನ ಹಿರಿಯರ ನೆನಪುಗಳಲ್ಲಿ ಉಳಿದಿದೆ. ತಮ್ಮ ನೆಲೆಯನ್ನು ಕಳೆದುಕೊಳ್ಳುತ್ತಿದ್ದ ಮೂಲನಿವಾಸಿಗಳು, ಹೊಸ ನೆಲೆಯನ್ನು ಅರಸಿ ಬಂದವರಿಗೆ ನೆರವಾದ ಪ್ರಸಂಗವಿದು.

ಬೆಳವಣಿಗೆ

ಉಳುವ ಪ್ರಾಣಿಗಳು ವಿರಳವಾಗಿದ್ದುದರಿಂದ ಮೊದಲ ವರ್ಷಗಳಲ್ಲಿ ಹಲವರು ಗುದ್ದಲಿ, ಸನಿಕೆಗಳಿಂದಲೇ ನೆಲವನ್ನು ಅಗೆದು ಬಿತ್ತನೆ ಮಾಡಿದರು. ಫ್ಲೆಚರ್ ದಂಪತಿಗಳು ಅಂಚೆ ಕಚೇರಿ, ಶಾಲೆ ಮತ್ತು ಹೋಟೆಲುಗಳಿಗೆ ಅಡಿಪಾಯ ಹಾಕಿದರು. 1880ರ ದಶಕದ ಮಧ್ಯದ ಹೊತ್ತಿಗೆ ನೆಲಮನೆಗಳ ಜಾಗದಲ್ಲಿ ಸುಣ್ಣಕಲ್ಲಿನ ಮತ್ತು ಮರದ ಕಟ್ಟಡಗಳು ಎದ್ದವು. ಚರ್ಚುಗಳು, ಅಂಗಡಿಗಳು, ಹೋಟೆಲುಗಳು ಮಾತ್ರವಲ್ಲದೆ 'ವೆಸ್ಟರ್ನ್ ಸೈಕ್ಲೋನ್' ಮತ್ತು 'ನಿಕೋಡೆಮಸ್ ಎಂಟರ್‌ಪ್ರೈಸ್' ಎಂಬ ಎರಡು ಪತ್ರಿಕೆಗಳೂ ಇದ್ದವು.

ಊರು ರಾಜಕೀಯವಾಗಿಯೂ ಪ್ರಭಾವ ಗಳಿಸಿತು. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಪಿ. ಮೆಕೇಬ್ 1882ರಲ್ಲಿ ಕಾನ್ಸಾಸ್‌ನ ರಾಜ್ಯ ಲೆಕ್ಕಪರಿಶೋಧಕರಾಗಿ ಚುನಾಯಿತರಾಗಿ, ಆ ರಾಜ್ಯದಲ್ಲಿ ರಾಜ್ಯಮಟ್ಟದ ಹುದ್ದೆಗೆ ಆಯ್ಕೆಯಾದ ಮೊದಲ ಕಪ್ಪುವರ್ಣೀಯರೆನಿಸಿದರು. 1884ರಲ್ಲಿ ಪುನರಾಯ್ಕೆಯಾದರು. ಮುಂದೆ ಅವರು ಒಕ್ಲಹೋಮಾಕ್ಕೆ ತೆರಳಿ ಲ್ಯಾಂಗ್‌ಸ್ಟನ್ ಎಂಬ ಕಪ್ಪುವರ್ಣೀಯರ ಊರಿನ ಸ್ಥಾಪನೆಯಲ್ಲಿ ಪಾತ್ರ ವಹಿಸಿದರು.

ರೈಲುಮಾರ್ಗ ಮತ್ತು ಅವನತಿ

ಧಾನ್ಯವನ್ನು ಮಾರುಕಟ್ಟೆಗೆ ಸಾಗಿಸಲು ರೈಲು ಅಗತ್ಯವಾಗಿತ್ತು. 1887ರಲ್ಲಿ ಮಿಸ್ಸೋರಿ ಪೆಸಿಫಿಕ್ ರೈಲ್ವೆಯು ತಮ್ಮ ಊರಿಗೆ ಬರಲೆಂದು ಇಲ್ಲಿನ ಮತದಾರರು 16,000 ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆ ನೀಡಿದರು. ಆದರೆ ಆ ಮಾರ್ಗ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಸಂಸ್ಥೆ ನದಿಯ ಆಚೆ ದಡದಲ್ಲಿ ಹಳಿಗಳನ್ನು ಹಾಕಿತು. ಅಲ್ಲಿ ಬೋಗ್ ಎಂಬ ಹೊಸ ಊರು ಹುಟ್ಟಿತು. ನಿಕೋಡೆಮಸ್‌ನ ವರ್ತಕರಲ್ಲಿ ಅನೇಕರು ಅಲ್ಲಿಗೆ ಸ್ಥಳಾಂತರಗೊಂಡರು. ಕೆಲವರು ತಮ್ಮ ಅಂಗಡಿಯ ಕಟ್ಟಡಗಳನ್ನೇ ಎಳೆದೊಯ್ದರು.

ವ್ಯಾಪಾರ ಕೇಂದ್ರವಾಗಿ ಊರು ಅಲ್ಲಿಗೆ ಕುಗ್ಗಿತಾದರೂ, ಸುತ್ತಲಿನ ಹೊಲಗಳಲ್ಲಿದ್ದ ರೈತ ಕುಟುಂಬಗಳು ಇಲ್ಲಿನ ಚರ್ಚು, ಶಾಲೆ, ಸಭೆಗಳ ಸುತ್ತ ಒಂದು ಸಮುದಾಯವಾಗಿ ಉಳಿದವು. ಇದಕ್ಕೆ ಮುಖ್ಯ ಕಾರಣ ಭೂಮಿ ಅವರ ಸ್ವಂತದ್ದಾಗಿದ್ದುದು. ನಿಜವಾದ ಪೆಟ್ಟು ಬಿದ್ದುದು 1930ರ ದಶಕದ ಆರ್ಥಿಕ ಕುಸಿತ, ಬರ ಮತ್ತು ಧೂಳುಬಿರುಗಾಳಿಗಳಿಂದ. ಯುವಜನರು ಉದ್ಯೋಗ ಅರಸಿ ನಗರಗಳಿಗೆ ತೆರಳಿದರು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಸಮುದಾಯ ಮತ್ತು ಉತ್ಸವ

ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ 1834ರ ಆಗಸ್ಟ್ 1ರಂದು ಜಾರಿಗೆ ಬಂದ ಗುಲಾಮಗಿರಿ ನಿರ್ಮೂಲನೆಯ ನೆನಪಿಗೆ ನಿಕೋಡೆಮಸ್‌ನ ಜನರು ವಿಮೋಚನಾ ದಿನವನ್ನು ಆಚರಿಸುತ್ತ ಬಂದರು. ಊರು ಖಾಲಿಯಾಗುತ್ತ ಹೋದಂತೆ ಈ ಹಬ್ಬವು 'ಹೋಂಕಮಿಂಗ್', ಅಂದರೆ ಊರಿಗೆ ಮರಳುವ ಹಬ್ಬವಾಗಿ ಮಾರ್ಪಟ್ಟಿತು. ಪ್ರತಿವರ್ಷ ಜುಲೈ ಕೊನೆಯ ವಾರಾಂತ್ಯದಲ್ಲಿ ದೇಶದ ನಾನಾ ಭಾಗಗಳಿಂದ ವಂಶಸ್ಥರು ಬಂದು ಸೇರುತ್ತಾರೆ. ಮೆರವಣಿಗೆ, ಸಾಮೂಹಿಕ ಭೋಜನ ಮತ್ತು ಪ್ರಾರ್ಥನೆಗಳು ನಡೆಯುತ್ತವೆ. ಜನಗಣತಿಯ ಅಂಕಿಯು ಇಲ್ಲಿ ವಾಸಿಸುವವರನ್ನು ಮಾತ್ರ ಎಣಿಸುತ್ತದೆ. ಆದರೆ ಇದನ್ನು ತಮ್ಮ ಊರೆಂದು ಕರೆಯುವವರ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು. ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಆಡಿದ ವೆರಿಲ್ ಸ್ವಿಟ್ಜರ್ (1932–2022) ಈ ಊರಿನ ಮೊದಲ ನಿವಾಸಿಗಳ ವಂಶಕ್ಕೆ ಸೇರಿದವರು.

ಸಂರಕ್ಷಣೆ

1976ರಲ್ಲಿ ನಿಕೋಡೆಮಸ್‌ಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ದೊರೆಯಿತು. ವಂಶಸ್ಥರ ಪ್ರಯತ್ನದ ಫಲವಾಗಿ 1996ರ ನವೆಂಬರ್‌ನಲ್ಲಿ ಇದು ರಾಷ್ಟ್ರೀಯ ಉದ್ಯಾನ ಸೇವೆಯ ವ್ಯಾಪ್ತಿಗೆ ಸೇರಿತು. ಐದು ಕಟ್ಟಡಗಳು ಈ ತಾಣದ ಭಾಗವಾಗಿವೆ: 1885ರ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್, ಫ್ಲೆಚರ್ ದಂಪತಿಗಳ ಸೇಂಟ್ ಫ್ರಾನ್ಸಿಸ್ ಹೋಟೆಲ್, 1907ರ ಪ್ರಥಮ ಬ್ಯಾಪ್ಟಿಸ್ಟ್ ಚರ್ಚ್, 1918ರ ಶಾಲಾ ಕಟ್ಟಡ ಮತ್ತು 1939ರಲ್ಲಿ ಸರ್ಕಾರದ ಉದ್ಯೋಗ ಯೋಜನೆಯಡಿ ಸ್ಥಳೀಯ ಸುಣ್ಣಕಲ್ಲಿನಿಂದ ಕಟ್ಟಿದ ಟೌನ್‌ಶಿಪ್ ಸಭಾಭವನ. ಪೂಜೆ, ವಸತಿ, ಶಿಕ್ಷಣ ಮತ್ತು ಸ್ವಯಮಾಡಳಿತ ಎಂಬ ನಾಲ್ಕೂ ಅಂಗಗಳನ್ನು ಇವು ಪ್ರತಿನಿಧಿಸುತ್ತವೆ. ಸ್ವಂತ ಭೂಮಿ ಮತ್ತು ಸ್ವಂತ ಸಂಸ್ಥೆಗಳನ್ನು ಅರಸಿ ಬಂದ ಜನರು ಬಯಲಿನಲ್ಲಿ ಕಟ್ಟಿಕೊಂಡ ಊರಿನ ಪೂರ್ಣ ರೂಪವನ್ನು ಇವುಗಳಿಂದ ಇಂದಿಗೂ ಗುರುತಿಸಬಹುದಾಗಿದೆ.