ರಷ್ಯನ್ ಭಾಷೆಯಲ್ಲಿ ನಾಮಪದವಾಗುವ ಕೃದಂತಗಳು

ಧಾತುವಿಗೆ ಕೃತ್ಪ್ರತ್ಯಯ ಸೇರಿ ಸಿದ್ಧಿಸುವ ರೂಪವೇ ಕೃದಂತ. ಕನ್ನಡದಲ್ಲಿ 'ಓದುವ' ಎಂಬ ಕೃದಂತವು 'ಅವನು', 'ಅವಳು', 'ಅವರು' ಎಂಬ ಸರ್ವನಾಮಗಳೊಡನೆ ಸೇರಿ 'ಓದುವವನು' ಮೊದಲಾದ ರೂಪಗಳನ್ನು ಪಡೆದು ವ್ಯಕ್ತಿಯನ್ನು ಸೂಚಿಸುತ್ತದೆ. ರಷ್ಯನ್ ಭಾಷೆಗೆ ಈ ಸರ್ವನಾಮದ ಅಗತ್ಯವಿಲ್ಲ. ಅಲ್ಲಿನ ಕೃದಂತವು ಲಿಂಗ, ವಚನ, ವಿಭಕ್ತಿಗಳಲ್ಲಿ ವಿಶೇಷ್ಯವನ್ನು ಅನುಸರಿಸುವುದರಿಂದ, ವಿಶೇಷ್ಯವು ಲೋಪವಾದರೂ ಆ ಸೂಚನೆಗಳು ಕೃದಂತದಲ್ಲಿಯೇ ಉಳಿಯುತ್ತವೆ. 'ಕಲಿಯುತ್ತಿರುವ' ಎಂಬರ್ಥದ 'ಉಚಾಶ್ಚಿಯ್ಸ್ಯಾ' ಎಂಬುದೇ ವಿದ್ಯಾರ್ಥಿ. ಸ್ತ್ರೀಲಿಂಗದ 'ಉಚಾಶ್ಚಾಯಸ್ಯಾ' ವಿದ್ಯಾರ್ಥಿನಿ.

ನಾಮಪದವಾದ ಮೇಲೂ ಇಂತಹ ಅನೇಕ ರೂಪಗಳಲ್ಲಿ ಕ್ರಿಯೆಯ ಗುಣ ಅಳಿಯುವುದಿಲ್ಲ. ವಿಶ್ವವಿದ್ಯಾನಿಲಯದ ವಿಭಾಗ ಮುಖ್ಯಸ್ಥನನ್ನು 'ಜವೇದುಯುಶ್ಚಿಯ್ ಕಾಫೆದ್ರಯ್' ಎನ್ನುತ್ತಾರೆ. ಮೊದಲ ಪದವು ಕೇವಲ ನಾಮಪದವಾಗಿದ್ದರೆ ವಿಭಾಗವಾಚಕವಾದ 'ಕಾಫೆದ್ರ' ಷಷ್ಠಿಯಲ್ಲಿರಬೇಕಿತ್ತು. ಅದು ತೃತೀಯೆಯಲ್ಲಿದೆ, 'ನಿರ್ವಹಿಸು' ಎಂಬರ್ಥದ ಮೂಲಧಾತು ಬಯಸುವುದು ಆ ವಿಭಕ್ತಿಯನ್ನೇ.

ಕಾಲವೂ ಹೀಗೆ ಉಳಿಯಬಲ್ಲದೆಂಬುದಕ್ಕೆ ರಷ್ಯಾದ 2001ರ ದಂಡಪ್ರಕ್ರಿಯಾ ಸಂಹಿತೆಯ ಪರಿಭಾಷೆ ಉತ್ತಮ ನಿದರ್ಶನ. ಅದರಲ್ಲಿ ಶಂಕಿತನು 'ಪದಜ್ರೆವಾಯೆಮಿ', ಆರೋಪಿಯು 'ಅಬ್ವಿನ್ಯಾಯೆಮಿ'. ಇವೆರಡೂ ವರ್ತಮಾನ ಕರ್ಮಣಿ ಕೃದಂತಗಳು: ಶಂಕೆಗೆ ಒಳಗಾಗುತ್ತಿರುವವನು, ಆರೋಪಕ್ಕೆ ಒಳಗಾಗುತ್ತಿರುವವನು. ನ್ಯಾಯಾಲಯವು ದೋಷಿಯೆಂದು ತೀರ್ಪಿತ್ತ ಮೇಲೆ ಆತನು 'ಅಸುಝ್ದ್ಯೋನ್ನಿ'. ನಿರ್ದೋಷಿಯೆಂದು ತೀರ್ಪಿತ್ತರೆ 'ಅಪ್ರಾವ್ದನ್ನಿ'. ಇವು ಭೂತ ಕರ್ಮಣಿ ಕೃದಂತಗಳು. ತೀರ್ಪಿಗೆ ಮುನ್ನ ವರ್ತಮಾನ, ತೀರ್ಪಿನ ತರುವಾಯ ಭೂತ: ಮುಗಿಯದ ಪ್ರಕ್ರಿಯೆಗೂ ಮುಗಿದ ನಿರ್ಣಯಕ್ಕೂ ಇರುವ ಅಂತರವನ್ನು ಪ್ರತ್ಯಯವೇ ಹೇಳುತ್ತದೆ.

ಕನ್ನಡದ 'ಆರೋಪಿ', 'ಅಪರಾಧಿ' ಎಂಬ ಪದಗಳಲ್ಲಿ ಈ ಕಾಲಸೂಚನೆಯಿಲ್ಲ. ಆದುದರಿಂದ 'ಅಬ್ವಿನ್ಯಾಯೆಮಿ' ಎಂಬುದನ್ನು 'ಅಪರಾಧಿ' ಎಂದು ಅನುವಾದಿಸಿದರೆ ಅದು ಬರಿಯ ಪದದೋಷವಾಗದು. ವಿಚಾರಣೆ ಮುಗಿಯುವ ಮೊದಲೇ ಒಬ್ಬನಿಗೆ ಅಪರಾಧವನ್ನು ಕಟ್ಟಿದಂತಾಗುತ್ತದೆ.

ಹಾಗೆಂದು ಎಲ್ಲೆಡೆಯೂ ಕಾಲವನ್ನು ಅರಸುವುದು ಸಲ್ಲದು. 'ಕೊಡಲ್ಪಟ್ಟವು' ಎಂಬ ಮೂಲಾರ್ಥದ 'ದಾನ್ನಿಯೆ' ಇಂದು ಬರಿಯ ಮಾಹಿತಿ. ನಮ್ಮ 'ದತ್ತಾಂಶ'ದಲ್ಲಿನ 'ದತ್ತ'ವೂ ಅಂತಹುದೇ ಕೃದಂತ. ಮುಂಬರುವ ಕಾಲವನ್ನು ಹೇಳುವ 'ಬೂದುಶ್ಚೆಯೆ' ಹಾಗೂ ಸಂಸ್ಕೃತದ 'ಭವಿಷ್ಯತ್' ಇವೆರಡೂ ಮೂಲತಃ ಕೃದಂತಗಳೇ. ಅವುಗಳ ಧಾತುಗಳೂ ಪರಸ್ಪರ ಜ್ಞಾತಿಗಳು. ಇವನ್ನು ಬಳಸುವಾಗ ಯಾರೂ ಧಾತುವನ್ನು ನೆನೆಯುವುದಿಲ್ಲ.

ಆದುದರಿಂದ ನಿಘಂಟಿನ ಅರ್ಥವೊಂದನ್ನೇ ನೆಚ್ಚದೆ, ಕೃದಂತದಲ್ಲಿ ಕ್ರಿಯೆಯು ಇನ್ನೂ ಜೀವಂತವಾಗಿದೆಯೇ ಎಂದು ಪರಿಶೀಲಿಸುವುದು ಅನುವಾದಕನ ಮೊದಲ ಹೊಣೆ.