ತುಂಗೆಯ ದಂಡೆಯಲ್ಲೊಂದು ಸಂಶೋಧನೆ

ಕೊಪ್ಪದ ಕಡೆ ‘ರಿಸರ್ಚ್’ ಎಂದರೆ ಮೊದಲು ನೆನಪಾಗುವುದು ಕಾಫಿ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಹೆಸರು ಅಷ್ಟು ದೊಡ್ಡದು. ಇದೇ ಸೀಮೆಯಲ್ಲಿ ದರ್ಶನ, ಧರ್ಮಗಳ ಸಂಶೋಧನೆಗೂ ಬೇಕಾದಷ್ಟು ಸರಕಿದೆ. ಎಂ.ಎ. ಮುಗಿಸಿ ವಿಷಯ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರು ಇತ್ತ ಒಮ್ಮೆ ನೋಡಬೇಕು.

ಶೃಂಗೇರಿ ಪಕ್ಕದ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವಿದೆ. ಶುರುವಾದದ್ದು 1992ರಲ್ಲಿ. ಅದ್ವೈತ ವೇದಾಂತ, ಮೀಮಾಂಸೆ, ನ್ಯಾಯ, ವ್ಯಾಕರಣಗಳಲ್ಲಿ ಇಲ್ಲಿ ‘ಆಚಾರ್ಯ’ ಮುಗಿಸಿದವರು ‘ವಿದ್ಯಾವಾರಿಧಿ’ಗೆ, ಅಂದರೆ ಪಿಎಚ್.ಡಿ.ಗೆ, ಪ್ರಯತ್ನಿಸಬಹುದು. ಸಂಸ್ಕೃತ ಗಟ್ಟಿಯಿರಬೇಕು, ಅನುವಾದ ನೆಚ್ಚಿಕೊಂಡು ಬಂದವರಿಗೆ ಕಷ್ಟ.

ಪ್ರಬಂಧ ಬರೆದು ಒಪ್ಪಿಸುವುದು ಒಂದು, ಸಭೆಯಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದು ಇನ್ನೊಂದು. ಭಾದ್ರಪದದ ಚೌತಿಗೆ ಶೃಂಗೇರಿ ಮಠದಲ್ಲಿ ಮಹಾಗಣಪತಿ ವಾಕ್ಯಾರ್ಥ ವಿದ್ವತ್ಸಭೆ ಶುರುವಾಗುತ್ತದೆ. ಜಗದ್ಗುರುಗಳ ಸಮ್ಮುಖದಲ್ಲಿ ವಿದ್ವಾಂಸರೊಬ್ಬರು ವಿಷಯ ಎತ್ತಿ, ಪೂರ್ವಪಕ್ಷ ಹೇಳಿ, ಸಿದ್ಧಾಂತಕ್ಕೆ ಬರುತ್ತಾರೆ. ಆಕ್ಷೇಪಗಳಿಗೆ ಅಲ್ಲೇ ಉತ್ತರಿಸಬೇಕು, ಅಡಿಟಿಪ್ಪಣಿ ಕಾಪಾಡುವುದಿಲ್ಲ. ಶಾಸ್ತ್ರದ ಮೇಲೆ ಪ್ರಬಂಧ ಬರೆಯುವವರು ಈ ಸಭೆಯ ಹಿಂದಿನ ಸಾಲಿನಲ್ಲಾದರೂ ಕೂತು ಕೇಳಬೇಕೆಂದು ನನಗನ್ನಿಸುತ್ತದೆ.

ಆದರೆ ನಿಜವಾದ ನಿಧಿ ಇರುವುದು ಮಠದ ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಬರೆದಿಟ್ಟ ಲೆಕ್ಕಪತ್ರಗಳವು. 1916ರಲ್ಲಿ ಪುರಾತತ್ತ್ವಜ್ಞ ಆರ್. ನರಸಿಂಹಾಚಾರ್ಯರು ಇದೇ ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳನ್ನು ಕಂಡರು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಮಠಕ್ಕೆ ಅವನು ಕಳಿಸಿದ ನೆರವಿನ ಸಂಗತಿ ಬೆಳಕಿಗೆ ಬಂದದ್ದು ಹಾಗೆ. ಮುಂದೆ ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಈ ದಾಖಲೆಗಳಲ್ಲೇ ಮುಳುಗಿ ಶೃಂಗೇರಿಯ ಇತಿಹಾಸ ಬರೆದರು. ಮಠವೆಂದರೆ ಭಾಷ್ಯಪಾಠ ಮಾತ್ರವಲ್ಲ. ಜಮೀನು, ತೆರಿಗೆ, ವ್ಯಾಜ್ಯ, ಊಟದ ಅಕ್ಕಿ ಎಲ್ಲವೂ ಹೌದು. ಧರ್ಮದ ವಿದ್ಯಾರ್ಥಿ ಇದನ್ನು ಇತಿಹಾಸದವರಿಗೆ ಬಿಟ್ಟುಕೊಡುವುದು ನಷ್ಟ.

ಶೃಂಗೇರಿಯಲ್ಲಿ ಶಾಸ್ತ್ರದಾಚೆಗೂ ಸರಕಿದೆಯೆಂಬುದನ್ನು ಹೊರಗಿನವರು ಬೇಗ ಕಂಡುಕೊಂಡರು. ಜಪಾನಿನ ಯೋಶಿತ್ಸುಗು ಸವಾಯ್ ಸನ್ಯಾಸಿಗಳ ನಂಬಿಕೆಯನ್ನೂ ಗೃಹಸ್ಥ ಸ್ಮಾರ್ತರ ನಂಬಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಪುಸ್ತಕ 1992ರಲ್ಲಿ ಬಂತು. 2007ರಲ್ಲಿ ಲೀಲಾ ಪ್ರಸಾದ್ ಅವರದು. ಶಾಸ್ತ್ರ ಏನು ಹೇಳುತ್ತದೆ ಎಂಬುದಕ್ಕಿಂತ, ಸರಿತಪ್ಪುಗಳ ಬಗ್ಗೆ ಊರಿನವರು ಯಾವ ಕಥೆ ಹೇಳಿಕೊಳ್ಳುತ್ತಾರೆ ಎಂಬುದಕ್ಕೆ ಅವರು ಕಿವಿಗೊಟ್ಟರು. ಇವೆರಡರಲ್ಲಿ ನನ್ನ ಮತ ಎರಡನೆಯದಕ್ಕೆ.

ಇದೇ ಕಿವಿಯನ್ನು ಎನ್.ಆರ್.ಪುರದ ಕಡೆಗೂ ತಿರುಗಿಸಬಹುದು. ಅಲ್ಲಿ ಸಿಂಹನಗದ್ದೆಯ ಜೈನಮಠ, ಜ್ವಾಲಾಮಾಲಿನಿಯ ಬಸದಿ. ಅದೇ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ಪಂಚಪೀಠಗಳಲ್ಲೊಂದಾದ ರಂಭಾಪುರಿ. ಇತ್ತ ಕೊಪ್ಪದ ಹರಿಹರಪುರದಲ್ಲಿ ಮತ್ತೊಂದು ಅದ್ವೈತ ಮಠ. ಪಕ್ಕಪಕ್ಕದ ತಾಲ್ಲೂಕುಗಳಲ್ಲಿ ಮೂರು ಪರಂಪರೆಗಳು. ಹರಕೆ ಹೊತ್ತವರು ಯಾವ ಬಾಗಿಲಿಗೆ ಹೋಗುತ್ತಾರೆ, ಯಾಕೆ? ಈ ಪ್ರಶ್ನೆಗೆ ಸಂಸ್ಕೃತ ವಿಭಾಗವೇ ಬೇಕೆಂದಿಲ್ಲ. ಯುಜಿಸಿ ನೆಟ್‌ನಲ್ಲಿ ಧರ್ಮಗಳ ತೌಲನಿಕ ಅಧ್ಯಯನವೂ ಒಂದು ವಿಷಯ. ಅದರ ಜೆಆರ್‌ಎಫ್ ಸಂಶೋಧನಾ ವೇತನ ದೊರೆತರೆ ಊರೂರು ಅಲೆಯುವ ಖರ್ಚಿಗೂ ದಾರಿಯಾಗುತ್ತದೆ.